ಮೊಬೈಲ್ ಆ್ಯಪ್ ಮತ್ತು ಬಳಸುವವರ ಜೇಬು



ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಮುಂದೆ ಮೊಬೈಲ್ ಆ್ಯಪ್ ತಯಾರಿಸುವವರಾಗುತ್ತೀರಿ. ಅದನ್ನು ಬಳಸುವವರು ಯಾರು? ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರರೊಬ್ಬರನ್ನು ಊಹಿಸಿಕೊಳ್ಳಿ. ಚೀಲ ತುಂಬಿಯಾಗಿದೆ. ಇಂದೇ ಲಾರಿಗೆ ಹೇರಬೇಕೋ, ಎರಡು ದಿನ ತಡೆಯಬೇಕೋ ಎಂಬುದು ಪೇಟೆಯ ಧಾರಣೆಯನ್ನು ಅವಲಂಬಿಸಿದೆ. ಆ ಹೊತ್ತಿಗೆ ಡೇಟಾ ಮುಗಿದಿದ್ದರೆ, ನಿಮ್ಮ ಆ್ಯಪ್ ಎಷ್ಟೇ ಅಂದವಾಗಿರಲಿ, ಅವರ ಪಾಲಿಗೆ ಅದು ಇಲ್ಲ.

ಡೇಟಾ ಈಗ ಅಗ್ಗವಲ್ಲವೇ ಎಂದು ನೀವು ಕೇಳಬಹುದು. 2016ರ ನಂತರ ಅಗ್ಗವಾದದ್ದು ನಿಜ. ಆದರೆ 2024ರ ಜುಲೈನಲ್ಲಿ ದರಗಳು ಏರಿದವು. ಜಿಯೋದ 28 ದಿನಗಳ, 2 ಜಿಬಿಯ ಯೋಜನೆ 155 ರೂಪಾಯಿಯಿಂದ 189ಕ್ಕೆ ಹೋಯಿತು. ಕರೆಗಳೂ ಅದರಲ್ಲೇ ಸೇರಿವೆ ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು ಲೆಕ್ಕ ಹಾಕಿ: ಒಂದು ಎಂಬಿಗೆ ಸುಮಾರು 9 ಪೈಸೆ. ತೆರೆದಾಗಲೆಲ್ಲ ದೊಡ್ಡ ಚಿತ್ರ, ವಿಡಿಯೊ ಎಂದು 5 ಎಂಬಿ ಎಳೆದುಕೊಳ್ಳುವ ಆ್ಯಪನ್ನು ದಿನಕ್ಕೊಮ್ಮೆ ನೋಡಿದರೂ 28 ದಿನಕ್ಕೆ 140 ಎಂಬಿ, ಅಂದರೆ ಹತ್ತಿರ ಹತ್ತಿರ 13 ರೂಪಾಯಿ.

ಇನ್ನೊಂದು ಬಗೆ ನೋಡಿ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯ ಧಾರಣೆಯನ್ನೂ, ಜೊತೆಗೆ ಕೊಬ್ಬರಿ, ಈರುಳ್ಳಿಯದನ್ನೂ ಬರಿಯ ಅಕ್ಷರದಲ್ಲಿ ಕಳಿಸಿದರೆ 2 ಕೆಬಿ ಧಾರಾಳವಾಯಿತು. ಸಂಪರ್ಕಕ್ಕೆಂದು ತಗಲುವ ಮೇಲ್ಖರ್ಚು ಸೇರಿಸಿದರೂ ತಿಂಗಳಿಗೆ ಕೆಲವೇ ಪೈಸೆ. ಚಿತ್ರ ಬೇಕೆಂದವರು ಒತ್ತಲು ಒಂದು ಗುಂಡಿ ಇರಲಿ, ಅದರ ಮೇಲೆ ಎಷ್ಟು ಕೆಬಿ ಎಂದು ಬರೆದಿರಲಿ.

ಕೆಮ್ಮಣ್ಣುಗುಂಡಿಯ ಬೆಟ್ಟದ ಕಡೆ ಹೋದಂತೆ ಸಿಗ್ನಲ್ ಕಡಿಯಬಹುದು. ಆಗ ಪರದೆ ಖಾಲಿಯಾಗದೆ, ಹಿಂದಿನ ದಿನ ಉಳಿಸಿಟ್ಟ ಧಾರಣೆ ಕಾಣಬೇಕು, ದಿನಾಂಕದೊಡನೆ. ದಿನಾಂಕವಿಲ್ಲದೆ ಹಳೆಯ ಧಾರಣೆ ತೋರಿಸುವುದು ಏನನ್ನೂ ತೋರಿಸದಿರುವುದಕ್ಕಿಂತ ಕೆಟ್ಟದ್ದು. ಅದನ್ನು ನಂಬಿ ಲಾರಿ ಹೊರಟುಬಿಡುತ್ತದೆ! ಸಿಗ್ನಲ್ ಬಂದ ಮೇಲೆ ಬದಲಾದ ಅಂಕಿಗಳನ್ನು ಮಾತ್ರ ತರಿಸಿಕೊಂಡರೆ ಸಾಕು.

ಡೇಟಾವನ್ನೇ ಕೊಳ್ಳದವರೂ ಇದ್ದಾರೆ. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಯೋಜನೆಗಳನ್ನು ಕಡ್ಡಾಯವಾಗಿ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಅದಕ್ಕೂ ಹತ್ತು ವರ್ಷ ಮೊದಲು, 2014ರ ಡಿಸೆಂಬರ್‌ನಲ್ಲಿ, ನಮ್ಮ ರಾಜ್ಯ ಸರ್ಕಾರ ಆರಂಭಿಸಿದ 'ಕರ್ನಾಟಕ ಮೊಬೈಲ್ ಒನ್' ಸ್ಮಾರ್ಟ್ ಫೋನಿಗಷ್ಟೇ ಅಲ್ಲದೆ ಸಾಧಾರಣ ಫೋನಿಗೂ ಎಸ್ಸೆಮ್ಮೆಸ್, ಧ್ವನಿ ಕರೆಗಳ ದಾರಿ ಇಟ್ಟುಕೊಂಡಿತ್ತು. ಎಸ್ಸೆಮ್ಮೆಸ್ಸಿನಲ್ಲಿ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವಲ್ಲಿ ಕನ್ನಡಕ್ಕೆ 70 ಸಂಕೇತ ಮಾತ್ರ. 'ಕಾ' ಎಂದು ಬರೆದರೆ ಎರಡು ಸಂಕೇತ ಹೋಯಿತು. ಕನ್ನಡವನ್ನು ಬಿಗಿಯಾಗಿ ಬರೆಯಬಲ್ಲವರಿಗೂ ಇಲ್ಲಿ ಕೆಲಸವಿದೆ.

ಇಂದು ಮನೆಯಲ್ಲಿ ಫೋನಿನ ಸೆಟ್ಟಿಂಗ್ಸ್ ತೆರೆದು, ಯಾವ ಆ್ಯಪ್ ಈ ತಿಂಗಳು ಎಷ್ಟು ಎಂಬಿ ಬಳಸಿದೆ ಎಂದು ನೋಡಿ. ಅದನ್ನು 9 ಪೈಸೆಯಿಂದ ಗುಣಿಸಿ, ರೀಚಾರ್ಜ್ ಮಾಡಿಸುವವರಿಗೆ ತೋರಿಸಿ.