ಸರಕು ಊರಲ್ಲೇ ಇದೆ

ಸ್ವಸಹಾಯ ಸಂಘದ ಸಹೋದರಿಯರೇ,

ಫೋನಿನಲ್ಲಿ ಸೀರೆ ಮಾರೋಕೆ ಸರಕು ಎಲ್ಲಿಂದ ತರೋದು ಅಂತ ಹನೂರು, ಯಳಂದೂರಿನವರು ಕೇಳುತ್ತಲೇ ಇದ್ದೀರಿ. ನಾವೂ ಮೊದಲು ಸಂಘದ ಸಾಲ ತೆಗೆದು ದೂರದ ಊರಿಂದ ಗಂಟುಗಟ್ಟಲೆ ತರಿಸಿದೆವು. ಫೋಟೋದ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ! ಅರ್ಧ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ಕಂತು ಮಾತ್ರ ವಾರವಾರ ಕಟ್ಟಿದೆವು.

ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರಲ್ಲವೇ? ನೇಯುವವರ ಮನೆಗೇ ಹೋಗಿ, ಒಪ್ಪಿಗೆ ಕೇಳಿ, ಹಗಲು ಬೆಳಕಲ್ಲಿ ಫೋಟೋ ತೆಗೆಯಿರಿ. ಎರಡು ದಿನ ಬೇರೆಯವರಿಗೆ ಕೊಡಬೇಡಿ ಅಂತ ಮಾತಾಡಿಕೊಂಡು ವಾಟ್ಸಾಪ್‌ನಲ್ಲಿ ಹಾಕಿ. ಗಿರಾಕಿ ಹಣ ಕಳಿಸಿದ ಮೇಲೆಯೇ ಸೀರೆ ತನ್ನಿ. ಅಂಚೆ ಖರ್ಚನ್ನು ಬೆಲೆಗೆ ಸೇರಿಸಿ, ನಾವು ಅದನ್ನೇ ಮರೆತಿದ್ದೆವು.

ಶುದ್ಧ ರೇಷ್ಮೆ ಅನ್ನುವ ಮುಂಚೆ, ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ನೂಲು ಯಾವುದೆಂದು ನೇಯ್ದವರನ್ನೇ ಕೇಳಿ, ಹಾಗೆಯೇ ಬರೆಯಿರಿ.