ಕಾಣದ ನೀರಿನ ಲೆಕ್ಕ: ಪೋಲ್ ಎಲ್ಲಿಡಬೇಕು?

ಇವತ್ತಿನ ಮಾತು ಪೋಲ್ ಬಗ್ಗೆ. ಲೈಟಿನ ಕಂಬ ಅಲ್ಲ ಮತ್ತ! ಎಂಜಿನಿಯರಿಂಗ್ ಹುಡುಗರು ತಲೆ ಕೆರ್ಕೊಳ್ಳೋ ಅಬ್ಸರ್ವರ್ ಪೋಲ್. ನಾನು ಓದಿದ್ದು ಬಿ.ಕಾಂ., ಹಂಗಾಗಿ ಲೆಕ್ಕದ ಪುಸ್ತಕದ ಭಾಷೆಯಲ್ಲೇ ಹೇಳ್ತೀನಿ.

ನಮ್ಮ ಗೊಬ್ಬೂರಿನಂಥ ಊರಿಗೆ ಒಂದು ನೀರಿನ ಟ್ಯಾಂಕ್ ಅದ ಅಂದ್ಕೊಳ್ರಿ. ಮಟ್ಟ ತೋರಿಸೋ ಸೆನ್ಸರ್ ಅದ. ನಲ್ಲಿಗಳಿಂದ ಎಷ್ಟು ನೀರು ಹೊಂಟದ ಅಂತ ಅಳೆಯೋ ಮೀಟರ್ ಇಲ್ಲ. ಆ ಕಾಣದ ಸಂಖ್ಯೆಯನ್ನ ಕಂಪ್ಯೂಟರ್ ಅಂದಾಜು ಮಾಡ್ತದ. ಈಗ ಮಟ್ಟ ಇಷ್ಟಿರಬೇಕು ಅಂತ ಪ್ರತಿ ಸೆಕೆಂಡಿಗೆ ಲೆಕ್ಕ ಹಾಕಿ, ಸೆನ್ಸರ್ ಜೊತೆ ತಾಳೆ ನೋಡ್ತದ. ಕ್ಯಾಶ್ ಬುಕ್ಕನ್ನ ಪಾಸ್‌ಬುಕ್ ಜೊತೆ ತಾಳೆ ನೋಡಿದ ಹಂಗ. ವ್ಯತ್ಯಾಸ ಬಂದ್ರ ಅಂದಾಜನ್ನ ತಿದ್ದಿಕೊಳ್ತದ. ಇದೇ ಅಬ್ಸರ್ವರ್. ಡೇವಿಡ್ ಲೂಯೆನ್‌ಬರ್ಗರ್ ಇದರ ಬಗ್ಗೆ 1964ರಲ್ಲಿ ಪ್ರಬಂಧ ಪ್ರಕಟಿಸಿದ್ರು.

ಎಷ್ಟು ಬೇಗ ತಿದ್ದಬೇಕು? ಅದನ್ನ ಹೇಳೋದು ಪೋಲ್. ಡಿಜಿಟಲ್ ವ್ಯವಸ್ಥೆಯಲ್ಲಿ ಅದರ ಅಳತೆ 1ಕ್ಕಿಂತ ಕಮ್ಮಿ ಇರಬೇಕು, ಇಲ್ಲಾಂದ್ರ ತಪ್ಪು ಕರಗೋದೇ ಇಲ್ಲ. ಲೆಕ್ಕ ಸುಲಭ ಆಗ್ಲಿ ಅಂತ ಒಂದೇ ಪೋಲ್ ತಗೊಳ್ಳೋಣ. 0.9 ಇಟ್ರ ಪ್ರತಿ ಸೆಕೆಂಡಿಗೆ ತಪ್ಪಿನ 90 ಪರ್ಸೆಂಟ್ ಉಳೀತದ. ಅದು 1 ಪರ್ಸೆಂಟಿಗಿಂತ ಕೆಳಗೆ ಇಳಿಯೋಕೆ 44 ಸೆಕೆಂಡ್ ಬೇಕು. 0.5 ಇಟ್ರ 7 ಸೆಕೆಂಡ್ ಸಾಕು.

ಹಂಗಾದ್ರ ಸೊನ್ನೆಗೇ ಇಡೋಣ ಅಂತೀರೇನು? ತಾಳ್ರಿ. ಪೈಪಿನಿಂದ ನೀರು ಬೀಳೋವಾಗ ಟ್ಯಾಂಕಿನಲ್ಲಿ ಅಲೆ ಏಳ್ತಾವ, ಸೆನ್ಸರ್ ರೀಡಿಂಗ್ ಕುಣೀತದ. ಅವಸರದ ಅಬ್ಸರ್ವರ್ ಅದನ್ನೇ ನಿಜ ಅಂತ ನಂಬ್ತದ. ಊರವರೆಲ್ಲ ಒಮ್ಮೆಲೇ ನಲ್ಲಿ ತೆರೆದ್ರು ಅಂತ ತಿಳಿದು ಮೋಟರ್ ಜೋರು ಮಾಡ್ತದ, ಮರುಕ್ಷಣ ನಿಧಾನ ಮಾಡ್ತದ. ಮೋಟರ್ ಬಾಳಿಕೆ ಬರೂದಿಲ್ಲ. ತೀರಾ ನಿಧಾನದ್ದಾದ್ರ? ಬೆಳಿಗ್ಗೆ ಎಲ್ಲರೂ ನಿಜವಾಗಿಯೂ ನಲ್ಲಿ ತೆರೆದಾಗ ಅದಕ್ಕ ತಡವಾಗಿ ಗೊತ್ತಾಗ್ತದ. ಕೊನೆಯ ಓಣಿಯ ಕೊಡ ಖಾಲಿ.

ಹಂಗಾಗಿ ಸಾಮಾನ್ಯ ರೂಢಿ: ಅಬ್ಸರ್ವರ್, ಕಂಟ್ರೋಲರಿಗಿಂತ ಮೂರರಿಂದ ಐದು ಪಟ್ಟು ಚುರುಕಾಗಿರಲಿ. ಇಲ್ಲೇ ಎಡವೋದು ಜಾಸ್ತಿ. ಕಂಟ್ರೋಲರ್ ಪೋಲ್ 0.9 ಇದ್ರ, ನಾಲ್ಕು ಪಟ್ಟು ಚುರುಕು ಅಂದ್ರ 0.9ನ್ನ ನಾಲ್ಕರಿಂದ ಭಾಗಿಸೋದಲ್ಲ. ನಾಲ್ಕು ಸಲ 0.9 ಬರೆದು ಗುಣಿಸೋದು: ಸುಮಾರು 0.66. ಭಾಗಿಸಿದ್ರ 0.225 ಬರ್ತದ, ಅದು ಸುಮಾರು 14 ಪಟ್ಟು ಚುರುಕು!

ಪ್ರಾಜೆಕ್ಟ್ ಮಾಡೋರು ಮೊದಲು ನಲ್ಲಿ ಬಂದ್ ಇಟ್ಟು, ಮೋಟರ್ ಓಡಿಸಿ, ರೀಡಿಂಗ್ ಎಷ್ಟು ಕುಣೀತದ ನೋಡ್ರಿ. ಜಾಸ್ತಿ ಕುಣಿದ್ರ ಪೋಲನ್ನ ಸ್ವಲ್ಪ 1ರ ಕಡೆ ಸರಿಸ್ರಿ. ನಿಮ್ಮ ಸೆನ್ಸರನ್ನ ಎಷ್ಟು ನಂಬಬಹುದು ಅನ್ನೋದರ ಮ್ಯಾಲೇ ಪೋಲಿನ ಜಾಗ ನಿಂತದ. ಮುಂದಿನ ಸಂಚಿಕೆಯಲ್ಲಿ ಸಿಗೋಣ.