ಮನೆಯೊಳಗಿನ ಬೆಕ್ಕಿನ ನಾತ

ಕದರಮಂಡಲಗಿಯಂತಹ ಊರಿನಲ್ಲಿ ಕಾಳುಕಡಿ ತುಂಬಿದ ಮನೆಗೆ ಬೆಕ್ಕು ಬೇಕೇ ಬೇಕು. ಇಲ್ಲವಾದರೆ ಇಲಿಗಳು ಚೀಲ ಉಳಿಸಿಯಾವೆ? ಆದರೆ ಅದೇ ಬೆಕ್ಕು ಮೂಲೆಯಲ್ಲಿ ಮೂತ್ರ ಮಾಡಿತೆಂದರೆ ಮೆಣಸಿನಕಾಯಿಯ ಘಾಟೂ ಆ ನಾತವನ್ನು ಮುಚ್ಚಲಾರದು. ಊದಿನಕಡ್ಡಿಯ ಮಾತಂತೂ ಬೇಡ.

ಮೂತ್ರದೊಳಗಿನ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಯೂರಿಕ್ ಆಮ್ಲವು ಹರಳಾಗಿ ನೆಲದ ಸಂದಿಯಲ್ಲಿ ಕೂಡುತ್ತದೆ. ಅದು ಬರಿಯ ನೀರಿಗೆ ಸುಲಭವಾಗಿ ಕರಗದು. ಮಳೆಗಾಲದ ತಂಪಿಗೆ ಹಳೆಯ ಕಲೆ ಮತ್ತೆ ನಾರುವುದು ಇದರಿಂದಲೇ.

ಹಸಿಯಾಗಿರುವಾಗಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಿಂದ ತೊಳೆಯಿರಿ. ಗಚ್ಚಿನ ನೆಲಕ್ಕೆ ಕಿಣ್ವವುಳ್ಳ ಶುಚಿದ್ರವ ಒಳ್ಳೆಯದು. ಆ ಹರಳನ್ನು ಅದು ಒಡೆಯುತ್ತದೆ. ಮಣ್ಣಿನ ನೆಲವಾದರೆ ನೆನೆದ ಮಣ್ಣನ್ನು ಕೆರೆದು ಹೊರಹಾಕಿ, ಹೊಸ ಮಣ್ಣು ಮೆತ್ತಿ, ಸಗಣಿಯಿಂದ ಸಾರಿಸಬೇಕು. ಇದು ಹಿರಿಯರ ರೂಢಿ, ಸರಿಯಾದುದೇ. ಚಾಪೆ, ಗಾದಿಗಳ ಮೇಲೆ ಅಡಿಗೆ ಸೋಡಾ ಉದುರಿಸಿ, ಮರುದಿನ ಕೊಡವಿ ಬಿಸಿಲಿಗೆ ಹಾಕಿರಿ.

ಬ್ಲೀಚಿಂಗ್ ಪುಡಿ ಮಾತ್ರ ಚೆಲ್ಲಬೇಡಿ. ಅಮೋನಿಯಾದೊಡನೆ ಸೇರಿ ಎದೆಯನ್ನು ಸುಡುವ ವಿಷಗಾಳಿ ಏಳುತ್ತದೆ. ಫಿನಾಯಿಲ್ ತಗಲಿದ ಕಾಲನ್ನು ನೆಕ್ಕಿಕೊಂಡರೆ ಬೆಕ್ಕಿಗೂ ವಿಷವೇ.

ಇನ್ನೊಂದು ಮಾತು. ಎಂದೂ ಮನೆ ಕೆಡಿಸದ ಗಂಡುಬೆಕ್ಕು ಒಮ್ಮೆಲೆ ಅಲ್ಲಲ್ಲಿ ಕುಳಿತು ತಿಣುಕತೊಡಗಿದರೆ ಹೊಡೆಯಬೇಡಿ. ಮೂತ್ರ ಕಟ್ಟಿರಬಹುದು. ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ. ತಡವಾದರೆ ಜೀವ ಉಳಿಯದು.